ರಾಯಚೂರಿನ ಏಕ್ ಮಿನಾರ್ ಮಸೀದಿ ಮತ್ತು ಅಂಬರನೆಂಬ ಹೆಸರು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನ ಇತಿಹಾಸವನ್ನು ಅರಿಯಬಯಸುವವರಿಗೆ ರಾಯಚೂರು ನಗರವೇ ಒಂದು ತೆರೆದ ಆಕರ. ಅಲ್ಲಿನ ಕೋಟೆಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಶಿಲೆಯಿದ್ದು, ಗೋರೆ ಗನ್ನಯ್ಯ ರೆಡ್ಡಿಯು ಕ್ರಿ. ಶ. 1294ರಲ್ಲಿ ಕೋಟೆ ಕಟ್ಟಿಸಿದುದನ್ನು ಅದರ ಮೇಲಿನ ಶಾಸನವು ತಿಳಿಸುತ್ತದೆ. ಹಳೆಯ ಊರಿನಲ್ಲಿರುವ ಏಕ್ ಮಿನಾರ್ ಮಸೀದಿಯು ಇಂಥದೇ ಇನ್ನೊಂದು ಸಾಕ್ಷಿ. ಮಾನವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂಥ ಗ್ರಾಮಗಳಿಂದ ಕಚೇರಿಯ ಕೆಲಸಕ್ಕೋ ವ್ಯಾಪಾರಕ್ಕೋ ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಅದರ ಒಂಟಿ ಮಿನಾರು ದಾರಿಯ ಗುರುತಾಗಿರಬಹುದು. ಅದನ್ನು ಕಟ್ಟಿಸಿದವನಾರೆಂಬುದನ್ನು ವಿಚಾರಿಸುವುದು ಈ ಕಿರುಲೇಖನದ ಉದ್ದೇಶ.

ಮಸೀದಿಯ ಅಂಗಳದ ಮೂಲೆಯಲ್ಲಿ ನಿಂತಿರುವ ಈ ಮಿನಾರು ಸುಮಾರು 65 ಅಡಿ ಎತ್ತರವಾಗಿದೆ. ವ್ಯಾಸ ಸುಮಾರು 10 ಅಡಿ. ಮೇಲೇರಿದಂತೆ ಸಪುರವಾಗುವ ಇದಕ್ಕೆ ಎರಡು ಅಂತಸ್ತುಗಳುಂಟು. ಪ್ರತಿಯೊಂದು ಅಂತಸ್ತಿಗೂ ಕಿಟಕಿಗಳೂ ಕಲ್ಲಿನ ಕಟಕಟೆಯಿಂದ ಕೂಡಿದ ಹೊರಚಾಚಿದ ಮೊಗಸಾಲೆಯೂ ಇವೆ. ಶಿಖರದಲ್ಲಿ ಬಹಮನೀ ರೀತಿಯ ಅರ್ಧಗೋಳಾಕಾರದ ಗುಮ್ಮಟವಿದೆ. ಒಳಗಿನ ಸುತ್ತುಮೆಟ್ಟಿಲುಗಳು ತುದಿಯವರೆಗೆ ಏರುತ್ತವೆ.

ಇಲ್ಲಿನ ಪಾರಸೀ ಶಾಸನದ ಪ್ರಕಾರ, ಮಸೀದಿಯು ಮಹಮೂದ್ ಷಾ ಬಹಮನಿಯ ಆಳ್ವಿಕೆಯಲ್ಲಿ ಹಿಜರಿ 919ರಲ್ಲಿ, ಅಂದರೆ ಕ್ರಿ. ಶ. 1513–14ರಲ್ಲಿ, ಅಂಬರನೆಂಬವನಿಂದ ನಿರ್ಮಿತವಾಯಿತು. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಆ ವೇಳೆಗೆ ಬಿಜಾಪುರವೂ ಅಹಮದ್‌ನಗರವೂ ಸ್ವತಂತ್ರವಾಗಿ ನಡೆಯತೊಡಗಿ ಎರಡು ದಶಕಗಳೇ ಕಳೆದಿದ್ದವು. ಬೀದರಿನ ಸುಲ್ತಾನನು ಬರೀದರ ಕೈಗೊಂಬೆಯಾಗಿದ್ದನು. ಆದರೂ ಶಾಸನದಲ್ಲಿ ಅವನ ಹೆಸರೇ ಇದೆ. ಅಧಿಕಾರವು ಕೈಬಿಟ್ಟ ಮೇಲೆಯೂ ಸಾರ್ವಭೌಮತ್ವದ ಮರ್ಯಾದೆಯು ಕಲ್ಲಿನಲ್ಲಿ ಉಳಿದಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎರಡನೆಯದು ಕಟ್ಟಿಸಿದವನ ಹೆಸರು. ಅಂಬರನೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವವನು ಮೊಗಲರನ್ನು ಎದುರಿಸಿ ನಿಂತ ಅಹಮದ್‌ನಗರದ ಮಲಿಕ್ ಅಂಬರ್. ಆದರೆ ಅವನು ಹುಟ್ಟಿದ್ದು ಸುಮಾರು 1548ರಲ್ಲಿ, ಮಡಿದದ್ದು 1626ರಲ್ಲಿ. ಆದುದರಿಂದ ರಾಯಚೂರಿನ ಅಂಬರನು ಬೇರೆ ವ್ಯಕ್ತಿಯೆಂಬುದು ನಿರ್ವಿವಾದ.

ಹಾಗಾದರೆ ಇವನು ಯಾರು? ಅಂಬರ್ ಎಂಬುದು ಸಮುದ್ರದಿಂದ ದೊರೆಯುವ ಸುಗಂಧದ್ರವ್ಯದ ಹೆಸರು. ಅಂಬರ್, ಯಾಕೂತ್ ಮುಂತಾದ ಬೆಲೆಯುಳ್ಳ ವಸ್ತುಗಳ ಹೆಸರುಗಳನ್ನು ಆಫ್ರಿಕದಿಂದ ತಂದ ಗುಲಾಮರಿಗೆ ಇಡುವ ರೂಢಿಯಿತ್ತು. ಅರಬ್ಬೀ ಸಮುದ್ರವನ್ನು ದಾಟಿಸಿ ತಂದ ಹಬಷಿಗಳು ದಖ್ಖನಿನಲ್ಲಿ ಸೈನಿಕರಾಗಿ, ಕ್ರಮೇಣ ಅಧಿಕಾರಿಗಳಾಗಿ ಮೇಲೇರಿದರು. ಗುಲ್ಬರ್ಗವನ್ನು ಆಳುತ್ತಿದ್ದ ದಸ್ತೂರ್ ದೀನಾರನು ಹಬಷಿಯೇ. ಅವನ ಹೆಸರೂ ಒಂದು ನಾಣ್ಯದ ಹೆಸರೆಂಬುದನ್ನು ಮರೆಯಬಾರದು. ಈ ಹಿನ್ನೆಲೆಯಲ್ಲಿ ರಾಯಚೂರಿನ ಅಂಬರನೂ ಆಫ್ರಿಕ ಮೂಲದವನಾಗಿರಬಹುದೆಂದು ಊಹಿಸಲು ಆಸ್ಪದವಿದೆ. ಆದರೆ ಹೆಸರೊಂದನ್ನೇ ಆಧಾರವಾಗಿಟ್ಟುಕೊಂಡ ಊಹೆಯನ್ನು ಸಿದ್ಧಾಂತವೆಂದು ಎಣಿಸುವುದು ಸಾಧುವಲ್ಲ.

ಈ ಸಂದರ್ಭದಲ್ಲಿ ಆಫ್ರಿಕದ ಪೂರ್ವ ಕರಾವಳಿಯ ಒಂದು ಸ್ಮಾರಕದೊಡನೆ ಇದನ್ನು ಹೋಲಿಸಬಹುದು. ಮೊಂಬಾಸಾ ನಗರದ ಮುಖ್ಯಬೀದಿಯ ಮೇಲೆ ಆನೆದಂತಗಳ ಆಕಾರದ ಬೃಹತ್ ಲೋಹದ ಕಮಾನುಗಳಿವೆ. 1956ರಲ್ಲಿ ಬ್ರಿಟಿಷ್ ರಾಜಕುಮಾರಿ ಮಾರ್ಗರೆಟಳು ಅಲ್ಲಿಗೆ ಬಂದುದರ ಸ್ಮರಣೆಗೆ ಅವು ಸಂಬಂಧಿಸಿವೆ. ಅಲ್ಲಿ ಆಫ್ರಿಕದ ಬೀದಿಯೊಂದು ಹೊರಗಿನಿಂದ ಬಂದ ಅತಿಥಿಯನ್ನು ನೆನೆಯುತ್ತದೆ. ನಮ್ಮ ಊಹೆ ನಿಜವಾದರೆ, ಇಲ್ಲಿ ಕನ್ನಡ ನಾಡಿನ ಊರೊಂದು ಆಫ್ರಿಕದಿಂದ ಅನಾಥನಾಗಿ ಬಂದವನೊಬ್ಬನ ಹೆಸರನ್ನು ಐದು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಮಾರಾಟಕ್ಕೆಂದು ಇಟ್ಟ ಹೆಸರೇ ಕಟ್ಟಿಸಿದವನ ಹೆಸರಾಗಿ ಕಲ್ಲಿನಲ್ಲಿ ನಿಂತಿದೆ.

ಸುಲ್ತಾನರ ವಂಶಾವಳಿಗಳನ್ನು ಶೋಧಿಸಿದಷ್ಟೇ ಶ್ರದ್ಧೆಯಿಂದ ಎಡೆದೊರೆ ನಾಡಿನ ಶಾಸನಗಳಲ್ಲಿ ಇಂಥ ಹೆಸರುಗಳನ್ನೂ ಶೋಧಿಸಬೇಕಾಗಿದೆ. ಆಗಲೇ ಈ ಊಹೆಯು ಸ್ಥಿರಪಡುವುದೋ ಬಿದ್ದುಹೋಗುವುದೋ ತಿಳಿದೀತು.