ಬರ, ನೆರೆ ಮತ್ತು ನಮ್ಮ ಹೊಣೆ

ಋತು ಎಂಬರ್ಥದ ‘ಮೌಸಿಮ್’ ಎಂಬ ಅರಬಿ ಪದವೇ ನಾವಿಕರ ಬಾಯಲ್ಲಿ ‘ಮಾನ್ಸೂನ್’ ಆಯಿತು. ಆದರೆ ಆ ಋತುವಿನ ಔದಾರ್ಯ ಎಲ್ಲ ನೆಲಕ್ಕೂ ಸಮನಲ್ಲ. ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಮುಂಗಾರಿನ ಮೋಡಗಳು ಬಹುಪಾಲು ಘಟ್ಟದಲ್ಲೇ ಬರಿದಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿಗೆ ಭತ್ತ ಕೊಟ್ಟರೂ, ಎರೆನೆಲದ ಹಿಂಗಾರಿ ಜೋಳ ಇಂದಿಗೂ ಉತ್ತರೆ, ಹಸ್ತ ಮಳೆಗಳನ್ನೇ ಕಾಯುತ್ತದೆ.

ಮಳೆ ಕೈಕೊಟ್ಟ ಕಾಲವನ್ನು ಇತಿಹಾಸ ಮರೆತಿಲ್ಲ. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾಹನ (1378–1397) ಆಳ್ವಿಕೆಯಲ್ಲಿ ದಖ್ಖನಿಗೆ ಬರ ಬಂದಾಗ, ಅವನು ಹತ್ತು ಸಾವಿರ ಎತ್ತುಗಳ ಮೇಲೆ ಮಾಳ್ವ, ಗುಜರಾತುಗಳಿಂದ ಧಾನ್ಯ ತರಿಸಿ ಅಗ್ಗದ ದರಕ್ಕೆ ಕೊಡಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಗುಲ್ಬರ್ಗಾ, ಬೀದರ್ ಮೊದಲಾದೆಡೆ ಅನಾಥ ಮಕ್ಕಳಿಗೆ ಶಾಲೆಗಳನ್ನೂ ತೆರೆದನು.

ಕಾದ ಮಳೆಯೇ ಒಮ್ಮೆ ಕಂಟಕವೂ ಆಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಕೆಲವೇ ದಿನ ಸುರಿದ ಮಳೆಗೆ ರಾಯಚೂರು ಸೇರಿ ಉತ್ತರ ಕರ್ನಾಟಕ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದರು. ನೆನೆದ ಮಣ್ಣಿನ ಗೋಡೆಗಳು ಮನೆಯವರ ಮೇಲೆಯೇ ಕುಸಿದವು.

ಮಳೆಗಾಗಿ ನಮಾಝ್ ಕಲಿಸಿದ ಪ್ರವಾದಿ(ಸ)ರು, ಮಳೆ ಅತಿಯಾದಾಗ ಅದು ಊರನ್ನು ಬಿಟ್ಟು ಬೆಟ್ಟ-ಕಣಿವೆಗಳ ಮೇಲೆ ಸುರಿಯಲೆಂದೂ ಪ್ರಾರ್ಥಿಸಿದರು. ದುಆದ ಜೊತೆಗೆ ದುಡಿಮೆಯೂ ಬೇಕು. ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ಮಸೀದಿಯ ಧ್ವನಿವರ್ಧಕದಿಂದ ಓಣಿಗೆಲ್ಲ ತಲುಪಿಸೋಣ. ಮಣ್ಣಿನ ಮನೆಯ ನೆರೆಯವರನ್ನು, ಧರ್ಮ ಕೇಳದೆ, ಗಟ್ಟಿ ಸೂರಿನಡಿ ಕರೆತರೋಣ. ನೆರೆಯವರ ಹಕ್ಕು ನಮ್ಮ ಮೇಲಿರುವ ಅಮಾನತ್.