ತಾವೇ ಮಾಡಿಕೊಳ್ಳುವ ವೈರಾಣು ಪರೀಕ್ಷೆ: ಹಣ ಕೊಟ್ಟವರು ಯಾರು?

ಸೋಂಕು ತಗುಲಿದೆಯೇ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವುದು ಇಂದು ಸಾಧ್ಯವಾಗಿದೆ. ಈ ಅನುಕೂಲವನ್ನು ವಿಜ್ಞಾನವೊಂದೇ ತಂದುಕೊಡಲಿಲ್ಲ. ನಷ್ಟದ ಹೊಣೆ ಹೊತ್ತು ಹಣ ಒದಗಿಸುವವರೂ ಬೇಕಾಯಿತು.

ಏಡ್ಸ್‌ನ ಚರಿತ್ರೆಯನ್ನು ನೋಡೋಣ. ಎಚ್‌ಐವಿ ಸೋಂಕನ್ನು ಪತ್ತೆಹಚ್ಚುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 1985ರಲ್ಲಿ ಪರವಾನಗಿ ದೊರೆಯಿತು. ಆದರೆ ಪರೀಕ್ಷೆಯನ್ನು ಮನೆಗೆ ಕೊಡಲು ಅಲ್ಲಿನ ಅಧಿಕಾರಿಗಳು ಹಿಂಜರಿದರು. ಪರಿಣಾಮಕಾರಿ ಚಿಕಿತ್ಸೆಯಿಲ್ಲದ ಆ ದಿನಗಳಲ್ಲಿ, ಧೈರ್ಯ ಹೇಳುವವರಿಲ್ಲದೆ ಫಲಿತಾಂಶ ತಿಳಿದವರ ಗತಿಯೇನು ಎಂಬ ಆತಂಕವಿತ್ತು. ರಕ್ತದ ಹನಿಯನ್ನು ಮನೆಯಲ್ಲೇ ತೆಗೆದು ಅಂಚೆಯ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸುವ ಕಿಟ್‌ಗೆ 1996ರಲ್ಲಿ ಒಪ್ಪಿಗೆ ಸಿಕ್ಕಿತು. ವಸಡನ್ನು ಒರೆಸಿ 20 ನಿಮಿಷಗಳಲ್ಲಿ ಫಲಿತಾಂಶ ನೋಡಿಕೊಳ್ಳುವ ‘ಓರಾಕ್ವಿಕ್’ ಕಿಟ್‌ಗೆ ಒಪ್ಪಿಗೆ ಬಂದದ್ದು 2012ರಲ್ಲಿ. ಅಂದರೆ 27 ವರ್ಷಗಳ ನಂತರ!

ಆಗ ಅಲ್ಲಿ ಅದರ ಬೆಲೆ ಸುಮಾರು 40 ಡಾಲರ್ ಇತ್ತು. ಸೋಂಕು ಹೆಚ್ಚಾಗಿದ್ದ ಆಫ್ರಿಕದ ಬಡವರಿಗೆ ಇದು ಎಟುಕುವಂತಿರಲಿಲ್ಲ. ಆಸ್ಪತ್ರೆ ದೂರ, ಅಲ್ಲಿ ಯಾರಾದರೂ ಕಂಡಾರೆಂಬ ಅಂಜಿಕೆ ಬೇರೆ. 2015ರಲ್ಲಿ ‘ಯುನಿಟೈಡ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹಣ ಒದಗಿಸಿ, ಮಲಾವಿ, ಜಾಂಬಿಯಾ ಮತ್ತು ಜಿಂಬಾಬ್ವೆಗಳಲ್ಲಿ ಸ್ವಯಂಪರೀಕ್ಷೆಯ ದೊಡ್ಡ ಯೋಜನೆಯನ್ನು ಆರಂಭಿಸಿತು. ಹಳ್ಳಿಗಳಲ್ಲಿ ಮನೆಬಾಗಿಲಿಗೇ ಕಿಟ್‌ಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ವಯಂಪರೀಕ್ಷೆಯನ್ನು ಶಿಫಾರಸು ಮಾಡಿತು. ಮರುವರ್ಷ ಗೇಟ್ಸ್ ಪ್ರತಿಷ್ಠಾನವು ತಯಾರಕರಿಗೆ ಧನಸಹಾಯ ನೀಡಲೊಪ್ಪಿದ್ದರಿಂದ, 50 ಬಡ ರಾಷ್ಟ್ರಗಳಿಗೆ ಕಿಟ್‌ನ ಬೆಲೆ 2 ಡಾಲರ್‌ಗೆ ಇಳಿಯಿತು.

ಕೋವಿಡ್ ಬಂದಾಗ ಕಥೆಯ ವೇಗವೇ ಬದಲಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಹೊಸ ಪರೀಕ್ಷೆಗಳ ಅಭಿವೃದ್ಧಿಗೆಂದು 150 ಕೋಟಿ ಡಾಲರ್‌ಗಳ ಯೋಜನೆಯನ್ನು ಪ್ರಕಟಿಸಿತು. ಅನೇಕ ತಂಡಗಳು ಸ್ಪರ್ಧಿಸಿದವು. ಹಂತ ಹಂತವಾಗಿ ಸೋಸಿ, ಉಳಿದವುಗಳಿಗೆ ಹೆಚ್ಚಿನ ಹಣ ಕೊಡಲಾಯಿತು. ಸೋತವರ ನಷ್ಟದಲ್ಲೂ ಸರ್ಕಾರ ಪಾಲುಗೊಂಡಿತು. ಹೀಗೆ ನೆರವು ಪಡೆದ ಆಸ್ಟ್ರೇಲಿಯದ ‘ಎಲ್ಯೂಮ್’ ಕಂಪನಿಯ ಮನೆಪರೀಕ್ಷೆಗೆ, ವೈದ್ಯರ ಚೀಟಿಯಿಲ್ಲದೆ ಮಾರಲು ಅದೇ ಡಿಸೆಂಬರ್‌ನಲ್ಲಿ ತುರ್ತು ಅನುಮತಿ ದೊರೆಯಿತು. ನಮ್ಮ ದೇಶದಲ್ಲಿ ಪುಣೆಯ ‘ಮೈಲ್ಯಾಬ್’ ತಯಾರಿಸಿದ ಕಿಟ್‌ಗೆ 2021ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅದರ ಬೆಲೆ 250 ರೂಪಾಯಿ ಇತ್ತು.

ಒಂದು ರೋಗಕ್ಕೆ 27 ವರ್ಷ, ಇನ್ನೊಂದಕ್ಕೆ ಒಂದು ವರ್ಷವೂ ಇಲ್ಲ. ತಂತ್ರಜ್ಞಾನ ಬೆಳೆದಿತ್ತು ಎಂಬುದು ನಿಜ. ಆದರೆ ಎರಡನೆಯ ರೋಗ ಶ್ರೀಮಂತ ರಾಷ್ಟ್ರಗಳ ಮನೆಮನೆಯನ್ನೂ ತಟ್ಟಿತ್ತು ಎಂಬುದೂ ಅಷ್ಟೇ ನಿಜ. ಯಾರ ಕಾಯಿಲೆಗೆ ಹಣ ಬೇಗ ಹರಿಯುತ್ತದೆ? ವಿಜ್ಞಾನದ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆಯನ್ನೂ ಕೇಳಿಕೊಳ್ಳಿ.