ಮಸಿಯ ಬೆಳೆ, ಕಬ್ಬಿಣದ ಬೀಜ

ಇವತ್ತು ಮಸಿಯ ಕತೆ.

ಕಬ್ಬಿಣದ ಊದುಕುಲುಮೆಗಳಲ್ಲಿ ಹಳೇ ತಾಪತ್ರಯ ಒಂದಿತ್ತು: ಒಳಗಿನ ಇಟ್ಟಿಗೆಗಳು ಬಿರುಕು ಬಿಡ್ತಿದ್ದವು. ಇಟ್ಟಿಗೆಯೊಳಗಿನ ಕಬ್ಬಿಣದ ಕಣಗಳು ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಇಂಗಾಲ ಎಳೆದುಕೊಂಡು ಅಲ್ಲೇ ಮಸಿ ಕಟ್ಟಿಸುತ್ತಿದ್ದವು. 1953ರಲ್ಲಿ ಬ್ರಿಟನ್ನಿನ ಸಂಶೋಧಕರು ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬರೀ ಎಳೆಗಳು! ಹಿಂದಿನ ವರ್ಷವೇ ಸೋವಿಯತ್ ದೇಶದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಇಂಥ ಟೊಳ್ಳು ಎಳೆಗಳ ಚಿತ್ರ ಪ್ರಕಟಿಸಿದ್ದರು. ರಷ್ಯನ್ ಭಾಷೆಯಲ್ಲಿತ್ತು, ಹೊರಗಿನವರು ಹೆಚ್ಚು ಗಮನಿಸಲಿಲ್ಲ. ಕನ್ನಡದಾಗ ಬರೆಯೋರಿಗೆ ಈ ಸಂಕಟ ಹೊಸದಲ್ಲ ಬಿಡ್ರಿ. 1991ರಲ್ಲಿ ಜಪಾನಿನ ಇಜಿಮಾ ಬರೆದ ಮೇಲೆ ಕಾರ್ಬನ್ ನ್ಯಾನೊಟ್ಯೂಬ್ ಅಂತ ಜಗತ್ತೆಲ್ಲ ಹಿಂದೆ ಬಿತ್ತು.

ಇಲ್ಲಿ ಲೋಹದ ಕಣವೇ ಬೀಜ. ಬಿಸಿ ಅನಿಲ ಅದರ ಮೇಲೆ ಒಡೆದು ಇಂಗಾಲ ಬಿಡುತ್ತದೆ. ಕಣಕ್ಕೆ ಹಿಡಿಸಲಾರದಷ್ಟಾದಾಗ ಆ ಇಂಗಾಲ ಕೊಳವೆಯಾಗಿ ಹೊರಬರುತ್ತದೆ. ಕಣ ಎಷ್ಟು ದಪ್ಪವೋ ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ಸಿ.ಎನ್.ಆರ್. ರಾವ್, ಗೋವಿಂದರಾಜ್ ಮತ್ತು ರಾಹುಲ್ ಸೇನ್ 1997ರ ಹೊತ್ತಿಗೆ ಇದಕ್ಕೊಂದು ಜಾಣ ದಾರಿ ತೋರಿಸಿದರು. ಫೆರೊಸೀನ್ ಅನ್ನೋ ಅಣುವಿನಲ್ಲಿ ಒಂದು ಕಬ್ಬಿಣ, ಹತ್ತು ಇಂಗಾಲ. ಕಾಯಿಸಿ ಆವಿ ಮಾಡಿ ಕುಲುಮೆಗೆ ಬಿಟ್ಟರೆ ಬೀಜ, ಗೊಬ್ಬರ ಎರಡೂ ಅದರಲ್ಲೇ! ಕಾಮರ್ಸ್ ಓದಿದ ನನಗೆ, ಯಂತ್ರ ಮತ್ತು ಕಚ್ಚಾಮಾಲು ಒಂದೇ ಬಿಲ್ಲಿನಲ್ಲಿ ಬಂದಂಗೆ ಅನಿಸ್ತು. ಆಮೇಲೆ ಫೆರೊಸೀನ್‌ನಿಂದಲೇ ಒತ್ತೊತ್ತಾಗಿ ಸಾಲಾಗಿ ನಿಂತ ಕೊಳವೆಗಳ ಕಟ್ಟುಗಳೂ ಬಂದವು.

ಇದರಿಂದ ಏನು ಉಪಯೋಗ? ಹಳೇ ಡಬ್ಬಾ ಟಿವಿಯಲ್ಲಿ ಎಲೆಕ್ಟ್ರಾನ್ ಹೊರಡಬೇಕಾದರೆ ತಂತಿ ಕಾಯಬೇಕಿತ್ತು. ಚೂಪು ತುದಿಗೆ ಆ ಕಾಯಿಸುವ ಕೆಲಸ ಬೇಡ. ವಿದ್ಯುತ್ ಕ್ಷೇತ್ರ ಅಲ್ಲೇ ಒತ್ತಾಗಿ ಎಲೆಕ್ಟ್ರಾನನ್ನು ಎಳೆದುಬಿಡುತ್ತದೆ. 1995ರಲ್ಲಿ ಡಿ ಹೀರ್ ತಂಡ ನ್ಯಾನೊಟ್ಯೂಬ್‌ನಿಂದ ಇದನ್ನು ತೋರಿಸಿತು. 2001ರಲ್ಲಿ ಜಕ್ಕೂರು ಮತ್ತು ಪುಣೆ ವಿಶ್ವವಿದ್ಯಾಲಯದವರು ಟಂಗ್‌ಸ್ಟನ್ ಸೂಜಿಯ ಮೇಲೆ ಬೆಳೆದ ಕೊಳವೆಗಳಿಂದ ಹೊರಟ ಎಲೆಕ್ಟ್ರಾನ್ ಅಳೆದರು.

ಒಂದು ತಂಟೆ ನಮ್ಮ ಜೋಳದ ಹೊಲದ್ದೇ. ಒತ್ತಾಗಿ ಬಿತ್ತಿದರೆ ತೆನೆ ಸೊರಗ್ತದಲ್ಲ? ಕೊಳವೆಗಳೂ ಹಂಗೇ: ಹತ್ತಿರ ನಿಂತರೆ ಪಕ್ಕದವನು ಕ್ಷೇತ್ರಕ್ಕೆ ಅಡ್ಡ. ನಡುವೆ ಎತ್ತರದ ಸುಮಾರು ಎರಡು ಪಟ್ಟು ಜಾಗ ಬೇಕು ಅಂತ 2000ದಲ್ಲಿ ಲೆಕ್ಕ ಸಿಕ್ಕಿತು. ಹಾಗಾಗಿ ಫೆರೊಸೀನ್‌ನ ಚೆಂದದ ದಟ್ಟ ಕಟ್ಟು ನೋಡೋಕೆ ಸೊಗಸು, ಎಲೆಕ್ಟ್ರಾನ್ ಬಿಡೋಕೆ ಅಷ್ಟು ಸರಿಯಲ್ಲ.

1999ರಲ್ಲಿ ಸ್ಯಾಮ್‌ಸಂಗ್ 4.5 ಇಂಚಿನ ನ್ಯಾನೊಟ್ಯೂಬ್ ಪರದೆ ಮಾಡಿತ್ತು. ಅಷ್ಟರಲ್ಲಿ ಎಲ್‌ಸಿಡಿ ಅಗ್ಗವಾಯ್ತು, ಆ ಟಿವಿ ಇಳಕಲ್ಲಿನ ಯಾವ ಅಂಗಡಿಗೂ ಬರಲಿಲ್ಲ. ಕಾಯಿಸುವ ತಂತಿ ಬೇಡದ ಈ ತುದಿಗಳು ಈಗ ಎಕ್ಸ್‌ರೇ ಕೊಳವೆಗಳಲ್ಲಿ ಕೆಲಸ ಮಾಡ್ತಾ ಇವೆ.